ಗೈಡಿನ ಮೂಗಿನಲ್ಲಿ ಮೂವತ್ತೊಂಬತ್ತು ಸೆಂಟಿಮೀಟರ್

ಜನವರಿ ಇಪ್ಪತ್ತೊಂದು, ಬುಧವಾರ, ಬೆಳಗ್ಗೆ ಒಂಬತ್ತೂಕಾಲು. ಹೊಸಪೇಟೆಯ ನಮ್ಮ ಕ್ಲಿನಿಕ್ಕಿನ ಒಳಕೋಣೆಯಲ್ಲಿ, ಹಂಪಿಯಲ್ಲಿ ಗೈಡ್ ಆಗಿರುವ ಒಬ್ಬರ ಎಡ ಮೂಗಿನ ಹೊಳ್ಳೆಗೆ ಮರಗಟ್ಟಿಸುವ ಜೆಲ್ಲಿ ಹಚ್ಚಿದೆ. ಈ ಬರಹ ಅಲ್ಲಿಂದ ಶುರುವಾಗುತ್ತದೆ.

ನಾನು ಆ ಕ್ಲಿನಿಕ್ಕಿನ ಟೆಕ್ನಿಷಿಯನ್. ಮನೆ ಚಿತ್ತವಾಡ್ಗಿಯಲ್ಲಿ. ಹೊಟ್ಟೆಯ ಕಾಯಿಲೆ ನೋಡುವ ಡಾಕ್ಟರ್ ಒಬ್ಬರು, ಇಬ್ಬರು ನರ್ಸ್‌ಗಳು, ನಾನು, ಇಷ್ಟೇ ನಮ್ಮ ತಂಡ. ಎಂಡೋಸ್ಕೋಪಿಗೆ ಸಹಾಯ ಮಾಡುವುದು ನನ್ನ ದಿನನಿತ್ಯದ ಕೆಲಸ. ತಿಂಗಳಿಗೆ ಒಂದೋ ಎರಡೋ ಬಾರಿ ಮಾತ್ರ ಮೂಗಿನಿಂದ ತಂತಿ ಇಳಿಸುವ ಕೆಲಸ ಬರುತ್ತದೆ. ನನಗೆ ಅದೇ ಇಷ್ಟ.

ಸೇವಿಗೆ ಎಳೆಗಿಂತ ಸ್ವಲ್ಪ ದಪ್ಪನೆಯ ತಂತಿ ಅದು. ಅದರ ತುದಿಯಲ್ಲಿ ಹುಳಿಯನ್ನು ಅಳೆಯುವ ಒಂದು ಸಣ್ಣ ಕಣ್ಣು. ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಅನ್ನನಾಳಕ್ಕೆ ಇಳಿಸಿ, ಹೊರಗಿನ ತುದಿಯನ್ನು ಸೊಂಟಕ್ಕೆ ಕಟ್ಟಿದ ಪುಟ್ಟ ರೆಕಾರ್ಡರ್‌ಗೆ ಸೇರಿಸಿ ಮನೆಗೆ ಕಳಿಸುತ್ತೇವೆ. ಇಪ್ಪತ್ತನಾಲ್ಕು ಗಂಟೆ ಅದು ಪಿಎಚ್ ಬರೆದುಕೊಳ್ಳುತ್ತದೆ. ಪಿಎಚ್ ಶಾಲೆಯಲ್ಲಿ ಎಲ್ಲರೂ ಓದಿದ್ದೇ: ಏಳು ಎಂದರೆ ನೀರು, ಕೆಳಗಿಳಿದಷ್ಟೂ ಹುಳಿ. ಜಠರದೊಳಗೆ ಒಂದು, ಎರಡು ಇರುತ್ತದೆ. ಅನ್ನನಾಳದಲ್ಲಿ ಆರರ ಸುತ್ತ ಇರಬೇಕು. ಅಲ್ಲಿ ನಾಲ್ಕಕ್ಕಿಂತ ಕೆಳಗಿಳಿದರೆ ಜಠರದ ಹುಳಿ ಮೇಲೆ ಬಂದಿದೆ ಎಂದು ಅರ್ಥ.

ಕಷ್ಟವಿರುವುದು ಆ ಕಣ್ಣು ಎಲ್ಲಿ ಕೂರಬೇಕು ಎನ್ನುವುದರಲ್ಲಿ. ಅನ್ನನಾಳ ಜಠರವನ್ನು ಸೇರುವಲ್ಲಿ ಒಂದು ಬಿಗಿ ಬಾಯಿ ಇದೆ. ಆ ಬಾಯಿಯಿಂದ ಐದು ಸೆಂಟಿಮೀಟರ್ ಮೇಲೆ ಕಣ್ಣು ಇರಬೇಕು. ಬಹಳ ಮೇಲಾದರೆ ಬಂದ ಹುಳಿಯೂ ಕಾಣುವುದಿಲ್ಲ, ಕೆಳಗಾದರೆ ಬಾರದ ಹುಳಿಯೂ ಬಂದಂತೆ ಕಾಣುತ್ತದೆ. ಆ ಬಾಯಿ ಎಲ್ಲಿದೆಯೆಂದು ಒತ್ತಡದಿಂದ ಕಂಡುಹಿಡಿಯುವ ಯಂತ್ರ ಬೇರೆಯೇ ಇದೆ, ಆದರೆ ನಮ್ಮಲ್ಲಿಲ್ಲ. ನಾವು ತಂತಿಯನ್ನು ಮೊದಲು ಜಠರದೊಳಕ್ಕೆ ಇಳಿಸಿ, ಹುಳಿ ಸಿಕ್ಕ ಮೇಲೆ ಅರ್ಧರ್ಧ ಸೆಂಟಿಮೀಟರ್ ಹೊರಗೆಳೆಯುತ್ತೇವೆ. ಒಂದು ಜಾಗದಲ್ಲಿ ಸಂಖ್ಯೆ ಥಟ್ಟನೆ ಮೇಲಕ್ಕೆ ಹಾರುತ್ತದೆ. ಅದೇ ಬಾಗಿಲು. ಅಲ್ಲಿಂದ ಐದು ಸೆಂಟಿಮೀಟರ್ ಎಳೆದು ನಿಲ್ಲಿಸುತ್ತೇವೆ.

ಗೈಡ್ ಬಂದದ್ದು ಹೊಟ್ಟೆನೋವಿಗಲ್ಲ, ದನಿಗೆ. ಎಂಟು ತಿಂಗಳಿಂದ ಅವರ ದನಿ ಕುಳಿತಿತ್ತು. ಕಿವಿ-ಮೂಗು-ಗಂಟಲಿನ ಡಾಕ್ಟರ್ ನೋಡಿ, ಗಡ್ಡೆ ಏನೂ ಇಲ್ಲ, ಊತ ಇದೆ, ಹೊಟ್ಟೆಯ ಹುಳಿ ಗಂಟಲಿನವರೆಗೆ ಬರುತ್ತಿರಬಹುದು ಎಂದಿದ್ದರು. ಗ್ಯಾಸಿನ ಮಾತ್ರೆ ಮೂರು ತಿಂಗಳು ನುಂಗಿದರೂ ದನಿ ತೆರೆಯಲಿಲ್ಲ. ನಮ್ಮ ಡಾಕ್ಟರ್ ಹೇಳಿದ್ದು ಇಷ್ಟು: ಹುಳಿ ಬರುತ್ತಿರುವುದು ನಿಜವಾದರೆ ಹುಬ್ಬಳ್ಳಿಯಲ್ಲಿ ಆ ಬಿಗಿ ಬಾಯಿಯನ್ನು ಇನ್ನಷ್ಟು ಬಿಗಿ ಮಾಡುವ ಆಪರೇಷನ್ ಇದೆ. ಬರುತ್ತಿಲ್ಲವಾದರೆ ಹೊಟ್ಟೆಯನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು.

ಇದನ್ನು ಮನೆಯಲ್ಲಿ ಅವರ ಹೆಂಡತಿ ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದರು. ಹುಳಿ ಇದ್ದರೆ ಔಷಧ, ಇಲ್ಲದಿದ್ದರೆ ಗಂಟಲು ಸವೆದಿದೆ. ಸವೆದ ಗಂಟಲಿನವರು ಗೈಡ್ ಕೆಲಸ ಬಿಟ್ಟು, ಕಂಪ್ಲಿಯಲ್ಲಿರುವ ಆಕೆಯ ಅಣ್ಣನ ಅಕ್ಕಿ ಗಿರಣಿಯಲ್ಲಿ ತೂಕದ ಕಾಟಾ ಮುಂದೆ ಕೂರಬೇಕು. ಅಣ್ಣ ಒಪ್ಪಿಯೂ ಆಗಿತ್ತು.

"ಅಲ್ಲಿ ಕುಂತು ಏನ್ ಮಾಡ್ಲಿ ತಂಗಿ?" ಜೆಲ್ಲಿ ಮರಗಟ್ಟುವವರೆಗೆ ಗೈಡ್ ನನ್ನನ್ನು ಕೇಳಿದರು. ದನಿ ಮರಳುಕಾಗದ ಉಜ್ಜಿದ ಹಾಗಿತ್ತು. "ಭತ್ತದ ಚೀಲಕ್ಕ ಕೃಷ್ಣದೇವರಾಯನ ಕಥಿ ಹೇಳ್ಲೇನು?"

"ಚೀಲ ಆದ್ರ ಎದ್ದು ಹೋಗಂಗಿಲ್ಲ. ಕುಂತು ಕೇಳ್ತಾವು," ಎಂದರು ಬಾಗಿಲ ಬಳಿ ನಿಂತಿದ್ದ ಹೆಂಡತಿ.

ಹೀಗಾಗಿ ಈ ಮನುಷ್ಯ ತಮ್ಮ ಹೊಟ್ಟೆಯಲ್ಲಿ ದೋಷವಿರಲಿ ಎಂದು ಬೇಡಿಕೊಂಡು ಬಂದಿದ್ದರು. ರಿಪೋರ್ಟ್ ಕೆಟ್ಟದಾಗಿ ಬರಲಿ ಎಂದು ಬಯಸುವ ರೋಗಿಯನ್ನು ನಾನು ಅದೇ ಮೊದಲು ನೋಡಿದ್ದು.

ತಂತಿ ಇಳಿಸುವಾಗ ರೋಗಿ ಸ್ಟ್ರಾನಿಂದ ನೀರು ಗುಟುಕರಿಸುತ್ತಿರಬೇಕು. ನುಂಗಿದಾಗಲೆಲ್ಲ ತಂತಿ ತಾನೇ ಜಾರಿ ಕೆಳಗಿಳಿಯುತ್ತದೆ. ಗೈಡ್ ನುಂಗುವುದರ ನಡುವೆ ಮಾತಾಡಲು ನೋಡುತ್ತಿದ್ದರು. ಪ್ರತಿ ಸಲ ಕೆಮ್ಮು ಬರುತ್ತಿತ್ತು. "ಮಾತಾಡಬ್ಯಾಡ್ರಿ ಅಣ್ಣಾರ, ನುಂಗ್ರಿ ಅಷ್ಟ," ಎಂದು ಮೂರು ಬಾರಿ ಹೇಳಿದೆ. ನಾಲ್ಕನೆಯ ಬಾರಿ ಹೆಂಡತಿ ಹೇಳಿದರು, ಗೈಡ್ ಸುಮ್ಮನಾದರು.

ನಲವತ್ತೈದು ಸೆಂಟಿಮೀಟರ್ ಇಳಿಯಿತು. ಇಷ್ಟು ಎತ್ತರದವರಿಗೆ ಅಲ್ಲಿ ಹುಳಿ ಸಿಗಬೇಕು. ಪರದೆಯಲ್ಲಿ ಆರು ಇತ್ತು. ನಲವತ್ತೆಂಟಕ್ಕೆ ಇಳಿಸಿದೆ, ಆರು. ಐವತ್ತೆರಡಕ್ಕೆ ಆರೂವರೆ. ಹಾಗಾದರೆ ತಂತಿ ಕೆಳಗಿಳಿಯದೆ ನಡುವೆಯೇ ಸುರುಳಿಯಾಗಿದೆ ಎಂದುಕೊಂಡು ಪೂರ್ತಿ ಹೊರಗೆಳೆದೆ. ಎಳೆದದ್ದೇ ಗೈಡ್ ಒಂದು ದೊಡ್ಡ ತೇಗು ತೇಗಿದರು. ಹೊರಗಿನ ಬೆಂಚಿನಲ್ಲಿ ಕೂತವರು ಬಾಗಿ ಒಳಗೆ ನೋಡುವಷ್ಟು ದೊಡ್ಡದು.

ಅಳತೆಯ ಕಣ್ಣೇ ಕೆಟ್ಟಿರಬಹುದೆಂದು, ಅದನ್ನು ಪರೀಕ್ಷಿಸಲು ಇಟ್ಟಿರುವ ಎರಡು ದ್ರಾವಣಗಳಲ್ಲಿ ಅದ್ದಿದೆ. ಹುಳಿಯದರಲ್ಲಿ ಹುಳಿ, ಸಪ್ಪೆಯದರಲ್ಲಿ ಸಪ್ಪೆ. ತಂತಿ ಚೆನ್ನಾಗಿಯೇ ಇತ್ತು. ಮತ್ತೆ ಇಳಿಸಿ ಡಾಕ್ಟರನ್ನು ಕರೆದೆ. ಅವರು ಎಕ್ಸ್‌ರೇ ತೆಗೆಸಿದರು. ಫಿಲ್ಮಿನಲ್ಲಿ ತಂತಿಯ ತುದಿ ಸರಿಯಾಗಿ ಜಠರದೊಳಗೆ ಕೂತಿತ್ತು. ಜಠರದಲ್ಲೇ ಹುಳಿ ಇರಲಿಲ್ಲ.

"ಮಾತ್ರೆ ನಿಲ್ಲಿಸಿ ವಾರ ಆತಲ್ರಿ?" ಎಂದು ಡಾಕ್ಟರ್ ಕೇಳಿದರು.

"ಹೋದ ಮಂಗಳವಾರದಿಂದ ಮುಟ್ಟಿಲ್ರಿ ಸರ್."

"ಬೆಳಿಗ್ಗೆಯಿಂದ ಏನಾದ್ರೂ ತಿಂದೀರೇನು?"

"ಏನಿಲ್ರಿ. ಚಾ ಸೈತ ಕೊಟ್ಟಿಲ್ಲ ಈಕಿ."

ಹೆಂಡತಿ ಮುಂದೆ ಬಂದರು. ಅವರ ಮುಖದಲ್ಲಿ ಹೆಮ್ಮೆ ಇತ್ತು. "ಊಟ ಕೊಡಬ್ಯಾಡ್ರಿ ಅಂದಿದ್ರಲ್ರಿ, ಕೊಟ್ಟಿಲ್ಲ. ಹೊಟ್ಟಿ ಅಷ್ಟ ತೊಳದು ಕಳಿಸೀನಿ."

"ಹೊಟ್ಟಿ ತೊಳದು ಅಂದ್ರ?"

"ಅಡಿಗಿ ಸೋಡಾ ರೀ. ಎದ್ದ ಕೂಡ್ಲೇ ಒಂದು ಲೋಟದಾಗ ಒಂದು ಚಮಚ, ಬಸ್ ಹತ್ತೋ ಮುಂಚೆ ಇನ್ನೊಂದು. ಪಾತ್ರೆ ಜಿಡ್ಡು ಹೋಗಬೇಕಂದ್ರ ಅದನ್ನ ಹಾಕ್ತೀವಿ. ದವಾಖಾನಿಗೆ ಬರೋರು ಮೈ ತೊಳಕೊಂಡು ಬರ್ತಾರಿಲ್ರಿ? ಹೊಟ್ಟಿ ಒಳಗ ನೋಡ್ತಾರಂದ ಮ್ಯಾಲೆ ಹೊಟ್ಟಿ ತೊಳಿಬ್ಯಾಡೇನು?"

ಡಾಕ್ಟರ್ ಕುರ್ಚಿಗೆ ಒರಗಿ ನಕ್ಕರು. ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಅಮ್ಮನೂ ಗ್ಯಾಸ್ ಒಲೆ ರಿಪೇರಿಗೆ ಜನ ಬರುತ್ತಾರೆಂದರೆ ಮೊದಲು ಒಲೆಯನ್ನು ಉಜ್ಜಿ ಫಳಫಳ ಮಾಡಿಟ್ಟು, ಎಲ್ಲಿ ಸೋರುತ್ತಿತ್ತು ಎಂದು ಗುರುತು ಸಿಗದ ಹಾಗೆ ಮಾಡುತ್ತಾಳೆ. ನಾವು ಊಟ ಬೇಡ, ಚಹಾ ಬೇಡ, ಮಾತ್ರೆ ಬೇಡ ಎಂದು ಹೇಳಿದ್ದೆವು. ಸೋಡಾ ಬೇಡ ಎಂದು ಯಾರೂ ಹೇಳಿರಲಿಲ್ಲ. ಈಗ ಹೇಳುತ್ತೇವೆ. ಅದಾದ ಮೇಲೆ ಬಂದವರನ್ನೆಲ್ಲ ಕೇಳಿ ನೋಡಿದ್ದೇನೆ. ಏಳು ಜನರಲ್ಲಿ ಇಬ್ಬರು ಏನಾದರೊಂದು ಕುಡಿದು ಹೊಟ್ಟೆ ತೊಳೆದುಕೊಂಡೇ ಹೊರಟಿದ್ದರು.

ಡಾಕ್ಟರ್ ತಂತಿ ತೆಗೆಸಿ, ಜಠರ ಮತ್ತೆ ಹುಳಿ ಕೂಡಿಸಿಕೊಳ್ಳುವವರೆಗೆ ಎರಡು ಗಂಟೆ ಕಾಯಲು ಹೇಳಿದರು. ಗೈಡ್ ಹೊರಗಿನ ಬೆಂಚಿನಲ್ಲಿ ಕೂತರು. ಹತ್ತು ನಿಮಿಷದಲ್ಲಿ ಪಕ್ಕದವರಿಗೆ ಆನೆ ಲಾಯದ ವಿಷಯ ಶುರುವಾಗಿತ್ತು. ದನಿ ಇಲ್ಲದಿದ್ದರೂ ಕೈಗಳು ಇದ್ದವು. ಆನೆ ಎಷ್ಟೆತ್ತರ, ಬಾಗಿಲು ಎಷ್ಟಗಲ, ಎಲ್ಲವನ್ನೂ ಕೈಯಲ್ಲೇ ಕಟ್ಟುತ್ತಿದ್ದರು.

ಹೆಂಡತಿ ಚಹಾ ಕುಡಿದು ಬರಲು ಹೋದಾಗ ಅವರು ಎದ್ದು ನನ್ನ ಮೇಜಿನ ಬಳಿಗೆ ಬಂದರು.

"ತಂಗಿ, ಒಂದು ಮಾತು. ಆ ತಂತಿ ಬಾಗಿಲ ಹತ್ರ ಇದ್ದಷ್ಟೂ ಹುಳಿ ಜಾಸ್ತಿ ತೋರಸ್ತತಿ, ಹೌದಿಲ್ಲೋ?"

"ಹೌದ್ರಿ."

"ಹಂಗಾರ ಐದರ ಬದ್ಲಿ ಮೂರು ಮ್ಯಾಲೆ ಬಿಡ್ರಿ. ಎರಡು ಸೆಂಟಿಮೀಟರ್ ಯಾರಿಗೆ ತಿಳಿತತಿ? ನಾನೇನು ನಿಮ್ಮ ಹೆಸರು ಹೇಳಂಗಿಲ್ಲ."

ಅವರು ಅದನ್ನು ತಮಾಷೆಯಂತೆ ಹೇಳಿದರು. ಕಣ್ಣು ಮಾತ್ರ ನನ್ನ ಮುಖದ ಮೇಲೇ ಇತ್ತು. ಇಪ್ಪತ್ತೆರಡು ವರ್ಷ ಗೈಡ್ ಆಗಿದ್ದವರು. ಗಿರಣಿಯ ಧೂಳಿನಲ್ಲಿ, ಕಾಟಾ ಮುಂದೆ, ಯಾರೂ ಏನೂ ಕೇಳದ ಜಾಗದಲ್ಲಿ ಕೂರುವುದು ಅವರಿಗೆ ಏನೆಂದು ನನಗೆ ಅರ್ಥವಾಗುತ್ತಿತ್ತು.

"ಅಣ್ಣಾರ, ವಿಠ್ಠಲ ಗುಡಿ ಕಡೆ ಹೊಳಿಯೊಳಗ ಒಂದು ಮಂಟಪ ಐತಲ್ರಿ," ಎಂದೆ. "ಅದರಾಗ ಒಬ್ರನ್ನ ಕುಂದರಿಸಿ, ನೀರು ಬಂತೇನು ಅಂತ ಕೇಳಿದ್ರ ಏನಂತಾರ?"

"ಬಂತು ಅಂತಾರ. ಡ್ಯಾಮಿನಿಂದ ಸ್ವಲ್ಪ ಬಿಟ್ರೂ ಅಲ್ಲಿ ನೀರು."

"ಅವರ ಮಾತು ಕೇಳಿ ಊರಾಗ ಹೊಳಿ ಹೊಕ್ಕೈತಿ ಅಂತ ಊರು ಖಾಲಿ ಮಾಡಿಸ್ತೀರೇನು?"

ಅವರು ಸದ್ದಿಲ್ಲದೆ ಭುಜ ಕುಣಿಸಿ ನಕ್ಕರು. "ನನ್ನ ಹಂಪಿ ತಂದು ನನಗ ಹೊಡಿತೀರಿ," ಎಂದು ಬೆಂಚಿಗೆ ವಾಪಸ್ಸು ಹೋದರು. ಆದರೂ ಒಪ್ಪಿಕೊಂಡೆ ಎಂದು ಅವರು ಹೇಳಲಿಲ್ಲ. ಅದನ್ನು ನಾನು ಗಮನಿಸಿದೆ.

ಹನ್ನೆರಡಕ್ಕೆ ಮತ್ತೆ ಇಳಿಸಿದೆ. ಈ ಸಲ ನಲವತ್ತೇಳರಲ್ಲಿ ಪರದೆ ಒಂದು ದಶಾಂಶ ಎಂಟು ತೋರಿಸಿತು. ಹುಳಿಯನ್ನು ಕಂಡು ಅಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ. ಅರ್ಧರ್ಧ ಸೆಂಟಿಮೀಟರ್ ಎಳೆಯುತ್ತ ಬಂದೆ. ನಲವತ್ತನಾಲ್ಕರಲ್ಲಿ ಸಂಖ್ಯೆ ಐದೂವರೆಗೆ ಹಾರಿತು. ಮತ್ತೆ ಒಳಗೆ ಬಿಟ್ಟು ಮತ್ತೆ ಎಳೆದೆ. ಆಗಲೂ ನಲವತ್ತನಾಲ್ಕು. ಮೂರನೆಯ ಸಲ ನಲವತ್ತಮೂರೂವರೆ. ಹಿಂದೆ ಮಾಡಿದ ಎಂಡೋಸ್ಕೋಪಿಯಲ್ಲಿ ಆ ಬಾಯಿ ಹಲ್ಲಿನಿಂದ ನಲವತ್ತು ಸೆಂಟಿಮೀಟರ್‌ಗೆ ಸಿಕ್ಕಿತ್ತು. ಮೂಗಿನ ದಾರಿ ಹಲ್ಲಿನ ದಾರಿಗಿಂತ ಮೂರ್ನಾಲ್ಕು ಸೆಂಟಿಮೀಟರ್ ಉದ್ದ. ಎರಡೂ ಲೆಕ್ಕ ಒಂದನ್ನೊಂದು ಮುಟ್ಟಿದವು. ನಲವತ್ತನಾಲ್ಕರಲ್ಲಿ ಐದು ಕಳೆದು ಮೂವತ್ತೊಂಬತ್ತಕ್ಕೆ ನಿಲ್ಲಿಸಿ, ಹೊಳ್ಳೆಯ ಅಂಚಿಗೆ ಸರಿಯಾಗಿ ತಂತಿಯ ಮೇಲೆ ನೀಲಿ ಪೆನ್ನಿನಲ್ಲಿ ಗೆರೆ ಹಾಕಿದೆ. ಮೂಗಿಗೆ, ಕೆನ್ನೆಗೆ, ಕಿವಿಯ ಹಿಂದೆ ಟೇಪು ಅಂಟಿಸಿದೆ.

"ದಿನಾ ಹೆಂಗ ಇರ್ತೀರೋ ಹಂಗ ಇರ್ರಿ," ಎಂದು ಇಬ್ಬರಿಗೂ ಹೇಳಿದೆ. "ಊಟ, ಮಾತು, ಮೆಟ್ಟಿಲು, ಎಲ್ಲಾ. ಉರಿ ಅನ್ನಿಸಿದ್ರ, ಗಂಟಲು ಹಿಡಿದ್ರ ಈ ಬಟನ್ ಒತ್ರಿ. ಸೋಡಾ ಮಾತ್ರ ಬ್ಯಾಡ."

"ಬಜ್ಜಿ ಒಳಗಿನ ಸೋಡಾ?" ಎಂದರು ಹೆಂಡತಿ.

"ಬಜ್ಜಿ ಒಳಗಿಂದು ನಡೀತತಿ ರೀ."

ಅವತ್ತು ಸಂಜೆ ಒಂದು ಗುಂಪಿಗೆ ಹಂಪಿ ತೋರಿಸಲು ಅವರು ಒಪ್ಪಿಕೊಂಡಿದ್ದರು. ಸಂಡೂರು ಕಡೆಯ ಬಂಡ್ರಿಯ ಹೆಂಗಸರ ಸಂಘದವರು ಟೆಂಪೊ ಮಾಡಿಕೊಂಡು ಬರುವವರಿದ್ದರು. ನನ್ನ ಡ್ಯೂಟಿ ಮೂರಕ್ಕೆ ಮುಗಿಯುತ್ತದೆ. ಬಿಸಿಲಲ್ಲಿ ಬೆವರಿದರೆ ಟೇಪು ನಿಲ್ಲುವುದಿಲ್ಲವೆಂಬ ಚಿಂತೆ ನನಗಿತ್ತು. ಇನ್ನೊಂದು ಕಾರಣವೂ ಇತ್ತು. ಹುಟ್ಟಿದಾಗಿನಿಂದ ಹಂಪಿಗೆ ಎಷ್ಟು ಸಲ ಹೋಗಿದ್ದೇನೋ, ಒಮ್ಮೆಯೂ ಗೈಡ್ ಜೊತೆ ನೋಡಿರಲಿಲ್ಲ. ಡಾಕ್ಟರಿಗೆ ಹೇಳಿ ಹಂಪಿ ಬಸ್ ಹತ್ತಿದೆ.

ಹೆಂಗಸರು ಹದಿನಾಲ್ಕು ಜನ. ಕೆಲವರು ಹೊಲದ ಕೆಲಸದವರು, ಕೆಲವರು ಗಣಿಯಲ್ಲಿ ಲಾರಿಗೆ ಅದಿರು ತುಂಬಿಸುವ ಕಡೆ ದುಡಿದವರು. ಗೈಡ್ ನಮಸ್ಕಾರ ಮಾಡುವ ಮೊದಲೇ ಮುಂದಿದ್ದ ಒಬ್ಬಾಕೆ ಕೇಳಿದಳು: "ಯಣ್ಣಾ, ಮೂಗಿಗೇನದು?"

"ಮೂಗುದಾರ. ಮನಿಯಾಕಿ ಹಾಕ್ಯಾಳ."

"ಹಗ್ಗದ ತುದಿ ಯಾರ ಕೈಯಾಗೈತಿ ಮತ್ತ?"

ಅವರು ನನ್ನ ಕಡೆ ತೋರಿಸಿದರು. "ಇವತ್ತು ಈ ತಂಗಿ ಕೈಯಾಗ. ನಾಳಿ ಮಧ್ಯಾಹ್ನ ಬಿಡ್ತಾಳಂತ."

"ಬಿಡಬ್ಯಾಡವ್ವಾ ತಂಗಿ," ಎಂದಳು ಇನ್ನೊಬ್ಬಳು. "ನಮ್ಮನ್ಯಾಗ ಒಂದೈತಿ, ಅದಕ್ಕೂ ಒಂದು ದಾರ ತರ್ಸಿ ಕೊಡು."

ವಿರೂಪಾಕ್ಷ ಗುಡಿಯ ಗೋಪುರದ ಮುಂದೆ ಅವರು ಮಾತು ಶುರು ಮಾಡಿದರು. ಹಿಂದಿನ ಸಾಲಿನವರು "ಕೇಳವಲ್ದು, ಜೋರು ಹೇಳ್ರಿ" ಎಂದರು. ಅವರು ಕತ್ತಿನ ನರ ಉಬ್ಬಿಸಿ ಜೋರು ಮಾಡಿದರು. ಎರಡು ವಾಕ್ಯ ಬಂದು ಮೂರನೆಯದು ಗಾಳಿಯಾಯಿತು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಬಟನ್ ಒತ್ತಿದರು. ನಾನು ಕೈಗಡಿಯಾರ ನೋಡಿ ಆ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಮತ್ತೆ ಜೋರು, ಮತ್ತೆ ಗಾಳಿ, ಮತ್ತೆ ಬಟನ್.

ಆಗ ಮೂಗುದಾರದ ಮಾತು ಕೇಳಿದ್ದ ಆ ಮುಂದಿನಾಕೆ ತಿರುಗಿ ನಿಂತು ಗೈಡಿನ ಮಾತನ್ನು ಹಿಂದಿನವರಿಗೆ ದಾಟಿಸತೊಡಗಿದಳು. ಲೋಡಿಂಗ್ ಜಾಗದಲ್ಲಿ ಮಷೀನಿನ ಸದ್ದಿನ ಮೇಲೆ ಲಾರಿ ಡ್ರೈವರುಗಳನ್ನು ಕೂಗಿ ಕರೆದು ಬೆಳೆದ ದನಿ ಅದು. ಆದರೆ ಅವರು ಹೇಳಿದಷ್ಟನ್ನೇ ಆಕೆ ದಾಟಿಸುತ್ತಿರಲಿಲ್ಲ.

"ಕಡಲೆಕಾಳು ಗಣಪತಿ ಅಂತ ಕರಿತಾರ," ಎಂದು ಆ ಮೂರ್ತಿಯ ಮುಂದೆ ಗೈಡ್ ಪಿಸುಗುಟ್ಟಿದರು. "ಒಂದೇ ಬಂಡೆಯೊಳಗ ಕಡೆದದ್ದು."

"ಒಂದ ಬಂಡಿಯಂತ್ರೇ! ನಮ್ಮ ಕಡೆ ಸಿಕ್ಕಿದ್ರ ಇಷ್ಟೊತ್ತಿಗೆ ಪುಡಿ ಮಾಡಿ ಲಾರಿಗೆ ತುಂಬ್ತಿದ್ರು."

"ಈ ಮಂಟಪದಾಗ ವ್ಯಾಪಾರಿಗಳು ಇಳ್ಕೊಳ್ತಿದ್ರು."

"ವ್ಯಾಪಾರದವ್ರು ಇರ್ತಿದ್ರಂತ. ಬಾಡಿಗಿ ಎಷ್ಟಂತ ಅಣ್ಣ ಹೇಳವಲ್ಲ."

ಗೈಡ್ ಕೋಪಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಬದಲಿಗೆ ಅವರಿಗೆ ಉಮೇದು ಬಂದು, ಅವಳಿಗಾಗಿಯೇ ಸಣ್ಣ ಸಣ್ಣ ವಾಕ್ಯ ಕೊಡತೊಡಗಿದರು. ಅರ್ಧ ಗಂಟೆ ಹೀಗೆ ನಡೆಯಿತು. ಆ ಅರ್ಧ ಗಂಟೆ ಅವರು ಒಮ್ಮೆಯೂ ಬಟನ್ ಒತ್ತಲಿಲ್ಲ. ನಾನು ಅದನ್ನು ಬರೆದುಕೊಂಡೆ, ಅದರಿಂದ ಏನನ್ನೂ ಊಹಿಸಲಿಲ್ಲ.

ಹೇಮಕೂಟದ ಬಂಡೆ ಹತ್ತುವಾಗ ನಾನು ಹೆದರಿದ್ದೇ ಆಯಿತು. ಬೆವರಿಗೆ ಮೂಗಿನ ಟೇಪು ಬಿಟ್ಟುಕೊಂಡಿತು. ನೀಲಿ ಗೆರೆ ಹೊಳ್ಳೆಯಿಂದ ಒಂದು ಬೆರಳಗಲ ಹೊರಗೆ ಬಂದು ಬಿಸಿಲಲ್ಲಿ ಕಾಣುತ್ತಿತ್ತು. ಗೈಡ್ ನೆರಳಿನ ಕಲ್ಲಿಗೆ ಒರಗಿ ತಂತಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು. ಹೆಂಗಸರು ಕೆಳಗಿನ ಬಜಾರನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ನಮ್ಮನ್ನು ನೋಡುವವರು ಯಾರೂ ಇರಲಿಲ್ಲ.

"ನಾನ ಒಳಗ ತಳ್ಳಿಕೊಳ್ಳಲೇನು ತಂಗಿ?" ಎಂದರು.

ಅವರು ತಳ್ಳಿದರೆ ಗೆರೆ ದಾಟಿ ಹೋಗುತ್ತದೆ. ಎರಡು ಸೆಂಟಿಮೀಟರ್ ಏನು, ನಾಲ್ಕು ಹೋದರೂ ಆಶ್ಚರ್ಯವಿಲ್ಲ. ನಾಳೆ ರಿಪೋರ್ಟಿನಲ್ಲಿ ಬೇಕಾದಷ್ಟು ಹುಳಿ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಹೊಟ್ಟೆ ಕೊಯ್ಯುತ್ತಾರೆ.

"ತಳ್ಳಬೌದು ರೀ," ಎಂದೆ. "ಆಮ್ಯಾಲೆ ದನಿ ಬರದಿದ್ರ ಯಾರನ್ನ ಕೇಳ್ತೀರಿ?"

ಅವರು ಬೆರಳು ಸಡಿಲಿಸಿ, ಮುಖವನ್ನು ನನ್ನ ಕಡೆ ಎತ್ತಿ ಹಿಡಿದರು, ಕ್ಷೌರಕ್ಕೆ ಕೂತವರ ಹಾಗೆ. ನಾನು ಕೈ ಒರೆಸಿಕೊಂಡು ನೀರು ಗುಟುಕರಿಸಲು ಹೇಳಿ, ಗೆರೆ ಹೊಳ್ಳೆಯ ಅಂಚಿಗೆ ಬರುವವರೆಗೆ ತಂತಿಯನ್ನು ಒಳಗೆ ಬಿಟ್ಟು, ಹೊಸ ಟೇಪು ಹಾಕಿದೆ. ಐದು ಗಂಟೆ ಹನ್ನೆರಡು ನಿಮಿಷ. ಜಾರಿದ್ದ ಆ ಹೊತ್ತನ್ನು ಲೆಕ್ಕದಿಂದ ಬಿಡಬೇಕೆಂದು ಪಕ್ಕದಲ್ಲಿ ಬರೆದೆ.

ಸಂಜೆ ಬಜಾರಿನಲ್ಲಿ ಆ ಹೆಂಗಸರೇ ಅವರಿಗೆ ಮಂಡಕ್ಕಿ-ಮಿರ್ಚಿ ಕೊಡಿಸಿದರು. ಅವರು ಮೂರು ಮಿರ್ಚಿ ತಿಂದರು. ದಿನವೂ ತಿನ್ನುವುದು ಎಷ್ಟೆಂದು ಕೇಳಿದರೆ ಎರಡು ಎಂದರು. ಮೂರನೆಯದು ಯಾರ ಆಸೆಗೆ ಎಂದು ಕೇಳದೆ ಬಿಟ್ಟೆ.

ಮರುದಿನ ಮಧ್ಯಾಹ್ನ ಬಂದಾಗ ಮೊದಲು ಗೆರೆ ನೋಡಿದೆ. ಅಂಚಿಗೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಕಪ್ಪು ಗೆರೆ ಬಂದಿತ್ತು. "ನಂದು ರೀ ಅದು, ಕಾಡಿಗಿ," ಎಂದರು ಹೆಂಡತಿ. "ಇವರ ಕೈ ಸುಮ್ಮನಿರಂಗಿಲ್ಲ. ನಿಮ್ಮ ಪೆನ್ನು ಅಳಿಸಿಹೋದ್ರ ಅಂತ ನಂದೂ ಒಂದು ಇರ್ಲಿ ಅಂತ ಹಾಕೀನಿ." ಕಂಪ್ಲಿಗೆ ಕಳಿಸಬೇಕೆಂದಿದ್ದ ಆಕೆಗೂ, ಹೋಗಬಾರದೆಂದಿದ್ದ ಅವರಿಗೂ, ಗೆರೆ ಮಾತ್ರ ಒಂದೇ ಕಡೆ ಬಿದ್ದಿತ್ತು.

ರೆಕಾರ್ಡರ್ ಕಂಪ್ಯೂಟರಿಗೆ ಸೇರಿಸಿ ಡಾಕ್ಟರ್ ನೋಡಿದರು. ಮಿರ್ಚಿಯ ನಂತರ ಒಂದಿಷ್ಟು ಹುಳಿ ಮೇಲೆ ಬಂದಿತ್ತು. ಅಷ್ಟು ಯಾರಿಗಾದರೂ ಬರುತ್ತದೆ. ಮಲಗಿದಾಗ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗೈಡ್ ಹನ್ನೊಂದು ಸಲ ಬಟನ್ ಒತ್ತಿದ್ದರು. ಒಂದು ಸಲ ಮಾತ್ರ ಆ ಹೊತ್ತಿಗೆ ಹುಳಿ ಇತ್ತು. ಉಳಿದ ಹತ್ತು ಸಲವೂ ಪರದೆಯ ಗೆರೆ ಆರರ ಹತ್ತಿರ ನೆಟ್ಟಗೆ ಮಲಗಿತ್ತು. ನನ್ನ ಚೀಟಿಯ ಹೊತ್ತಿನ ಜೊತೆ ಹೊಂದಿಸಿ ನೋಡಿದರೆ, ಆ ಹತ್ತರಲ್ಲಿ ಏಳು ಅವರು ಹಿಂದಿನ ಸಾಲಿಗೆ ಕೇಳಲೆಂದು ದನಿ ಎತ್ತಿದಾಗ ಬಂದಂಥವು. ಸೋಡಾದ ಪರಿಣಾಮ ಉಳಿದಿರಬಹುದೇ ಎಂದು ಡಾಕ್ಟರನ್ನು ಕೇಳಿದೆ. ಇಳಿಸುವಾಗಲೇ ಜಠರ ಪೂರ್ತಿ ಹುಳಿಗೆ ಬಂದಿತ್ತಲ್ಲ, ಅದರ ಮೇಲೆ ಇಡೀ ದಿನ ಕಳೆದಿದೆ ಎಂದರು.

"ಹುಳಿ ಅಲ್ರಿ ಕಾರಣ," ಎಂದು ಡಾಕ್ಟರ್ ಗೈಡಿಗೆ ಹೇಳಿದರು. "ಆಪರೇಷನ್ ಬ್ಯಾಡ. ಮಾತ್ರೆನೂ ಬ್ಯಾಡ."

ಗೈಡ್ ನನ್ನ ಕಡೆ ತಿರುಗದೆ ಕೇಳಿದರು: "ಎರಡು ಸೆಂಟಿಮೀಟರ್ ಕೆಳಗ ಇದ್ದಿದ್ರ, ಸರ್?"

"ಇದ್ದಿದ್ರ ಆಪರೇಷನ್ ಆಗ್ತಿತ್ತು. ದನಿ ಈಗ ಹೆಂಗೈತೋ ಹಂಗ ಇರ್ತಿತ್ತು. ಗಂಟಲು ಸವೆದಿಲ್ರಿ, ದಣಿದೈತಿ. ಇಪ್ಪತ್ತೆರಡು ವರ್ಷ ಬಯಲಾಗ ಕೂಗೀರಿ."

ದನಿಯ ತರಬೇತಿ ಕೊಡುವವರೊಬ್ಬರಿಗೆ ಬಳ್ಳಾರಿಗೆ ಚೀಟಿ ಬರೆದುಕೊಟ್ಟರು. ಆ ತರಬೇತಿಯವರು ವಾರಕ್ಕೊಮ್ಮೆ ಕರೆಸಿಕೊಂಡು, ಒಂದು ತಿಂಗಳು ಕೂಗುವುದನ್ನು, ಹೆಚ್ಚು ಮಾತಾಡುವುದನ್ನು ಬಿಡಿಸಿದರು, ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಬಿಡಿಸಿದರು, ಉಸಿರು ಹೊಟ್ಟೆಯಿಂದ ತೆಗೆದು ಮಾತಾಡುವುದನ್ನು ಕಲಿಸಿದರು. ಆ ತಿಂಗಳು ಸುಮ್ಮನೆ ಮನೆಯಲ್ಲಿ ಕೂರುವುದೇಕೆಂದು ಹೆಂಡತಿ ಅವರನ್ನು ಕಂಪ್ಲಿಗೆ ಕಳಿಸಿಯೇ ಬಿಟ್ಟರು.

ಇದರ ಮುಂದಿನದನ್ನು ಹೆಂಡತಿಯೇ ಬಂದು ಹೇಳಿದ್ದು. ಮಾತಾಡಬಾರದೆಂದರೆ ಗೈಡ್ ಚಾಕ್‌ಪೀಸ್ ಹಿಡಿದುಕೊಂಡು ಅಕ್ಕಿಚೀಲಗಳ ಮೇಲೆ ಬರೆಯತೊಡಗಿದರಂತೆ. ಕಂಪ್ಲಿಯ ಕೋಟೆ ಯಾರು ಕಟ್ಟಿಸಿದ್ದು, ಸಂಡೂರಿನ ಗುಡ್ಡದಲ್ಲಿ ಯಾವ ಗುಡಿ ಇದೆ, ಹೀಗೆ ಚೀಲಕ್ಕೊಂದು ತುಂಡು. "ನಮ್ಮಣ್ಣ ಫೋನ್ ಮಾಡಿದ್ನ್ರಿ. 'ನಿನ್ನ ಗಂಡನ್ನ ಕರಕೊಂಡು ಹೋಗವ್ವಾ. ಲಾರಿ ಡ್ರೈವರ್‌ಗಳು ಒಂದೊಂದ ಚೀಲ ಓದಿಕೊಂತ ನಿಂದರ್ತಾರ, ಲೋಡು ಹೊಂಡವಲ್ದು' ಅಂದ."

"ನೀವೇನಂದ್ರಿ?"

"ಏನನ್ಲಿ? ಕಾಟಾ ಮುಂದ ಕುಂದರಿಸಿದ್ರೂ ಗೈಡ ಆದ ಮ್ಯಾಲೆ, ಅಲ್ಲೇ ಇರ್ಲಿ ಅಂದೆ, ಹಂಪಿಯಾಗ."

ಮಾರ್ಚ್ ಹದಿಮೂರು, ಶುಕ್ರವಾರ, ಮಧ್ಯಾಹ್ನ ಹನ್ನೆರಡಕ್ಕೆ ಗೈಡ್ ಸ್ವತಃ ಬಂದರು. ಬಾಗಿಲಲ್ಲಿ ನಿಂತು "ತಂಗಿ ಅದಾಳೇನ್ರಿ?" ಎಂದು ಕೇಳಿದಾಗ ನರ್ಸಿಗೆ ಯಾರೆಂದು ಗುರುತು ಹತ್ತಲಿಲ್ಲ. ದನಿ ಪೂರ್ತಿ ತೆರೆದಿಲ್ಲ, ಸಂಜೆಗೆ ಈಗಲೂ ಸ್ವಲ್ಪ ಬೀಳುತ್ತದೆ. ಬೆಳಗ್ಗೆ ಮಾತ್ರ ಹೋಗುತ್ತಾರೆ, ಹತ್ತು ಜನರಿಗಿಂತ ದೊಡ್ಡ ಗುಂಪು ಹಿಡಿಯುವುದಿಲ್ಲ. ಸೊಂಟಕ್ಕೆ ಒಂದು ಸಣ್ಣ ಸ್ಪೀಕರ್ ಕಟ್ಟಿಕೊಂಡಿದ್ದರು. ಮುಂದಿನ ಭಾನುವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಬಾ, ಈ ಸಲ ಪೂರ್ತಿ ಹೇಳುತ್ತೇನೆ ಎಂದರು. ಹೋದೆವು. ಮೂರು ಗಂಟೆ ಹೇಳಿದರು. ಅಮ್ಮ ಹೊಳೆದಂಡೆಯಲ್ಲಿ ನೀರಿನ ಬಾಟಲಿ ಅವರ ಕೈಗೆ ಕೊಟ್ಟು ಬಲವಂತವಾಗಿ ನಿಲ್ಲಿಸಬೇಕಾಯಿತು.

ನನಗೆ ಇನ್ನೂ ತಿಳಿಯದ ಒಂದು ಸಂಗತಿ ಉಳಿದಿದೆ. ಗೈಡಿನ ವಿಷಯದಲ್ಲಿ ಮೂರು ಸಲ ಎಳೆದಾಗಲೂ ಬಾಗಿಲು ಹೆಚ್ಚುಕಡಿಮೆ ಒಂದೇ ಕಡೆ ಸಿಕ್ಕಿತು. ಎಲ್ಲರಲ್ಲೂ ಹಾಗೆ ಸಿಗುವುದಿಲ್ಲ. ಕಳೆದ ತಿಂಗಳು ಒಬ್ಬರಿಗೆ ಒಳಗೆ ಬಿಡುವಾಗ ಒಂದು ಕಡೆ, ಹೊರಗೆಳೆಯುವಾಗ ಮೂರು ಸೆಂಟಿಮೀಟರ್ ಆಚೆ ಹಾರಿತು. ಅಂಥವರನ್ನು ನಾವು ಈಗ ಒತ್ತಡ ಅಳೆಯುವ ಯಂತ್ರ ಇರುವ ಊರಿಗೆ ಕಳಿಸುತ್ತಿದ್ದೇವೆ, ಎಲ್ಲರಿಗೂ ಅಷ್ಟು ದೂರ ಹೋಗಲಾಗುವುದಿಲ್ಲ. ಆ ಯಂತ್ರವಿಲ್ಲದೆ ಈ ಕೆಲಸ ಮಾಡುವವರು ಬೇರೆ ಊರಿನಲ್ಲಿ ಇದ್ದರೆ, ಎರಡರಲ್ಲಿ ಯಾವ ಗುರುತನ್ನು ನಂಬುತ್ತೀರಿ, ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಯಾವ ಗಂಟಿನ ನೇರಕ್ಕೆ ನೋಡುತ್ತೀರಿ, ದಯವಿಟ್ಟು ನನಗೆ ಬರೆದು ತಿಳಿಸಿ. ತಂತಿ ಹಾಕಿಸಿಕೊಂಡ ರೋಗಿಗಳು ಬರೆದರೂ ಸರಿ, ಒಳಗೆ ಹೋಗುವಾಗ ಎಲ್ಲಿ ಏನು ಅನ್ನಿಸಿತೆಂದು ಅವರಷ್ಟು ಚೆನ್ನಾಗಿ ನನಗೆ ಯಾರೂ ಹೇಳಲಾರರು.